ಹೀಬ್ರೂ ಭಾಷೆಗೂ ನಮ್ಮ ‘ಸಲಾಂ’ಗೂ ಏನು ನಂಟು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ‘ಸಲಾಂ’, ‘ಹಿಸಾಬು’ ದಿನಬಳಕೆಯ ಮಾತು. ಇಸ್ರೇಲ್‌ನ ಹೀಬ್ರೂ ಭಾಷೆಯಲ್ಲಿ ಇವೇ ‘ಶಾಲೋಮ್’, ‘ಖೆಶ್ಬೋನ್’. ಹಾಗಾದರೆ ಹೀಬ್ರೂ ಮತ್ತು ಕನ್ನಡ ಒಂದೇ ಬೇರಿನವೇ?

ಅಲ್ಲ. ಹೀಬ್ರೂ, ಅರಬ್ಬಿ ಎರಡೂ ಸೆಮಿಟಿಕ್ ಕುಟುಂಬದ ಅಕ್ಕತಂಗಿಯರು. ಕನ್ನಡ ದ್ರಾವಿಡ ಭಾಷೆ. ಈ ಅರಬ್ಬಿ ಪದಗಳು ಪಾರ್ಸಿ, ಉರ್ದು ಮೂಲಕ ನಮ್ಮಲ್ಲಿಗೆ ಬಂದವು. 1948ರವರೆಗೆ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಉರ್ದು ಆಡಳಿತ ಭಾಷೆಯಾಗಿತ್ತು.

ವ್ಯಾಕರಣ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹೀಬ್ರೂವಿನಲ್ಲಿ ಶ-ಲ-ಮ ಎಂಬ ಮೂರು ವ್ಯಂಜನಗಳಿಂದಲೇ ಶಾಲೋಮ್ (ಶಾಂತಿ), ಶಾಲೇಮ್ (ಪೂರ್ಣ), ತಶ್ಲೂಮ್ (ಪಾವತಿ) ಹುಟ್ಟುತ್ತವೆ. ಅರಬ್ಬಿಯದೂ ಇದೇ ರೀತಿ. ಕನ್ನಡ ಹಾಗಲ್ಲ, ಮನೆ, ಮನೆಗೆ, ಮನೆಯಲ್ಲಿ ಎಂದು ಕೊನೆಗೆ ಪ್ರತ್ಯಯ ಸೇರಿಸುತ್ತದೆ.

ಹೊಸದಾಗಿ ಕಲಿಯುವವರು ಎಡವುವುದು ನುಡಿಗಟ್ಟಿನಲ್ಲಿ. ‘ಮಾ ಶ್ಲೋಮ್ಖಾ?’ ಎಂದರೆ ಪದಶಃ ‘ನಿನ್ನ ಶಾಂತಿ ಏನು?’. ನಿಜವಾದ ಅರ್ಥ ‘ಆರಾಮ ಅದೀಯೇನಪಾ?’. ಹೆಣ್ಣುಮಗಳಿಗೆ ‘ಮಾ ಶ್ಲೋಮೆಖ್?’ ಎನ್ನಬೇಕು, ನಾವು ‘ಅದೀಯೇನವ್ವಾ’ ಎಂದಂತೆ. ಆದರೆ ‘ರೀ’ ಹಚ್ಚುವ ಪದ್ಧತಿ ಅಲ್ಲಿಲ್ಲ. ಹಿರಿಯರನ್ನೂ ಹೀಗೇ ಕೇಳುತ್ತಾರೆ. ಅದು ಅಗೌರವವಲ್ಲ.

ಪದ ಹೋಲುತ್ತದೆ ಎಂದ ಮಾತ್ರಕ್ಕೆ ಭಾಷೆಗಳು ಒಂದೇ ತಾಯಿಯ ಮಕ್ಕಳಲ್ಲ. ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳೋಣ: ಈ ಪದ ಹುಟ್ಟಿದ್ದು ಎಲ್ಲಿ, ನಮ್ಮೂರಿಗೆ ಬಂದದ್ದು ಹೇಗೆ?