ಅರಿಷಿಣದ ಹಳದಿ ರಕ್ತಕ್ಕ ಸೇರತೈತೇನು?

ಘಟಪ್ರಭೆ ದಂಡಿಯ ಚರಿತ್ರೆ | ಭಾಗ 6

ಹೋದ ಭಾಗ ಗೋಕಾಕ ಮಿಲ್ಲಿನದು. ಈ ಸಲ ಹೊಲಕ್ಕೆ ಹೋಗೋಣ ನಡೀರಿ.

ಮೊದಲನೇ ಫೋಟೊ ಮೂಡಲಗಿ ಕಡೆಯ ಅರಿಷಿಣದ ಹೊಲ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಕಾಲುವೆ ಹಿಡಿದು ಬರುವ ನೀರು ಈ ಭಾಗದಲ್ಲಿ ಕಬ್ಬನ್ನೂ ಸಾಕುತ್ತದೆ, ಅರಿಷಿಣವನ್ನೂ ಸಾಕುತ್ತದೆ. ಎಂಟೊಂಬತ್ತು ತಿಂಗಳ ಬೆಳೆ. ಕಿತ್ತು, ಕುದಿಸಿ, ಒಣಗಿಸಿ, ಪಾಲಿಶ್ ಮಾಡಿದ ಕೊಂಬು ಸಾಂಗ್ಲಿ ಪ್ಯಾಟಿ ಕಡೆ ಗಾಡಿ ಹತ್ತುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರವಾಗಿ ಹಾರುವುದೂ ಇದೇ ಹಳದಿ.

ಈ ಹಳದಿಗೆ ವಿಜ್ಞಾನಿಗಳು ಇಟ್ಟ ಹೆಸರು ಕರ್ಕ್ಯುಮಿನ್. ಫೋನ್ ತೆಗೆದರೆ ಸಾಕು, "ಕ್ಯಾನ್ಸರ್‌ಗೆ ಅರಿಷಿಣ", "ದಿನಾ ಒಂದು ಕರ್ಕ್ಯುಮಿನ್ ಗುಳಿಗೆ" ಅಂತ ರೀಲ್ಸ್ ಮೇಲೆ ರೀಲ್ಸ್. ಆದರೆ ಆ ರೀಲ್ಸ್ ಹೇಳದೇ ಬಿಡುವ ಮಾತೊಂದನ್ನು ನಮ್ಮ ಮೈಸೂರಿನವರು 1980ರಲ್ಲೇ ಅಚ್ಚು ಹಾಕಿಸಿಬಿಟ್ಟಿದ್ದರು.

ಸ್ವಲ್ಪ ಹಿಂದಿನಿಂದ ಬರೋಣ. 1815ರಲ್ಲಿ ವೋಗೆಲ್ ಮತ್ತು ಪೆಲ್ತಿಯೆ ಎಂಬಿಬ್ಬರು ಅರಿಷಿಣದಿಂದ ಈ ಹಳದಿ ವಸ್ತುವನ್ನು ಬೇರ್ಪಡಿಸಿದರು. ಅದರ ಒಳಗಿನ ಕಟ್ಟು ಹೇಗಿದೆ ಅಂತ ಗೊತ್ತಾಗೋಕೆ 1910ರ ತನಕ ಕಾಯಬೇಕಾಯ್ತು. ಮಿವೊಬೆಂಡ್ಸ್ಕಾ, ಕೊಸ್ತಾನೆಟ್ಸ್ಕಿ, ಲಾಂಪೆ ಎಂಬ ಪೋಲೆಂಡ್ ಮೂಲದ ಮೂವರು ಅದನ್ನು ಬಿಡಿಸಿದರು. ಹತ್ತಿರ ಹತ್ತಿರ ನೂರು ವರ್ಷ!

ಎರಡನೇ ಫೋಟೊ ನೋಡ್ರಿ, ಆರತಿ ತಟ್ಟೆಯ ಓಕುಳಿ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಪ್ರಯೋಗ ಇದು. ಸುಣ್ಣ ಕ್ಷಾರ. ಕ್ಷಾರದಲ್ಲಿ ಕರ್ಕ್ಯುಮಿನ್ ತನ್ನ ಹೈಡ್ರೋಜನ್ ಬಿಟ್ಟುಕೊಡುತ್ತದೆ, ಬಣ್ಣ ತಿರುಗುತ್ತದೆ. ಆದರೆ ಕ್ಷಾರದಲ್ಲಿ ಅದು ಬಾಳಿಕೆ ಬರುವುದಿಲ್ಲ, ಒಡೆದುಹೋಗುತ್ತದೆ. ಅದಕ್ಕೆ ಸುಣ್ಣವೇ ಬೇಕು ಅಂತಿಲ್ಲ. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೈಯೊಳಗಿನಷ್ಟೇ ಬಿಸಿ, ಪಿಎಚ್ 7.2 ಇರುವ ದ್ರಾವಣದಲ್ಲಿ ಕರ್ಕ್ಯುಮಿನ್ ಇಟ್ಟರು. ಅರ್ಧ ತಾಸಿನಲ್ಲಿ ಶೇ. 90ರಷ್ಟು ಒಡೆದುಹೋಯ್ತು. ಸೀರಮ್ ಬೆರೆಸಿದಾಗ ಇನ್ನಷ್ಟು ಹೊತ್ತು ತಾಳಿತು, ಅದನ್ನೂ ಹೇಳಬೇಕು.

ಈಗ ಮೈಸೂರು. ಚೆಲುವಾಂಬ ವಿಲಾಸ ಅರಮನೆಯಲ್ಲಿರುವ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ಸಂಶೋಧನಾಲಯ. ಅಲ್ಲಿ ವಿ. ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಕೇಳಿದ್ದು ಬಹಳ ಸಾದಾ ಪ್ರಶ್ನೆ: ತಿಂದ ಕರ್ಕ್ಯುಮಿನ್ ಎಲ್ಲಿಗೆ ಹೋಗುತ್ತದೆ? ಇಲಿಗಳಿಗೆ 400 ಮಿಲಿಗ್ರಾಂ ಕೊಟ್ಟರು. ಒಂದು ಇಲಿಗೆ ಅದು ಭಾರೀ ಪ್ರಮಾಣ. ಸುಮಾರು ಶೇ. 60ರಷ್ಟು ಕರುಳು ಹೀರಿಕೊಂಡಿತು, ಉಳಿದದ್ದರಲ್ಲಿ ಬಹುಪಾಲು ಕರುಳಿನ ಕೆಳಭಾಗದಲ್ಲೇ ಉಳಿಯಿತು. ಹಂಗಾದರೆ ಹೀರಿಕೊಂಡದ್ದು ರಕ್ತದಲ್ಲಿ ಇರಬೇಕಲ್ಲ? ಹೃದಯದ ರಕ್ತದಲ್ಲಿ ಕರ್ಕ್ಯುಮಿನ್ ಸಿಗಲೇ ಇಲ್ಲ. ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲಿ, ಲಿವರ್‌ನಲ್ಲಿ, ಕಿಡ್ನಿಯಲ್ಲಿ ಬರೀ ಲವಲೇಶ. ಮೂತ್ರದಲ್ಲೂ ಕರ್ಕ್ಯುಮಿನ್ ಇರಲಿಲ್ಲ, ಇದ್ದದ್ದು ಅದರ ವೇಷ ಬದಲಿಸಿದ ರೂಪ.

ಯಾಕೆ ಹೀಗೆ? ಕರುಳಿನ ಗೋಡೆ, ಲಿವರ್ ಎರಡೂ ಕಡೆ ಕಾವಲಿಗೆ ಕಿಣ್ವಗಳಿವೆ. ಹೊರಗಿನ ಕಣ ಬಂದ ಕೂಡಲೇ ಅದಕ್ಕೆ ಸಕ್ಕರೆಯಂಥ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಹೊರಗೆ ಸಾಗಿಸುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶದ ಮೇಲೆ ಕರ್ಕ್ಯುಮಿನ್ ಸುರಿದರೆ ಅಲ್ಲಿ ಈ ಕಾವಲು ಇರುವುದಿಲ್ಲ. ರೀಲ್ಸ್‌ನಲ್ಲಿ ಬರುವ ಎಷ್ಟೋ "ಸಾಬೀತಾಗಿದೆ"ಗಳು ಆ ತಟ್ಟೆಯವು.

1995ರಲ್ಲಿ ಅಮೆರಿಕದವರು ಗಾಯಕ್ಕೆ ಅರಿಷಿಣ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟರು, ನಮ್ಮ ಸಿಎಸ್‌ಐಆರ್ ಜಗಳ ತೆಗೆದು 1997ರಲ್ಲಿ ರದ್ದು ಮಾಡಿಸಿತು. ಈ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಪೇಟೆಂಟ್ ಬಿದ್ದದ್ದು "ಇದು ಹೊಸದಲ್ಲ" ಅಂತ. "ಇದು ಕೆಲಸ ಮಾಡುತ್ತದೆ" ಅಂತ ಅಲ್ಲಿ ಯಾರೂ ತೀರ್ಪು ಕೊಟ್ಟಿಲ್ಲ. ಎರಡನ್ನೂ ಕಲಸಬ್ಯಾಡ್ರಿ.

ಮರುವರ್ಷ, 1998ರಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಿಂದ ಇನ್ನೊಂದು ಪ್ರಬಂಧ ಬಂತು. ಮನುಷ್ಯರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇ. 2000 ಏರಿಕೆ! ಈ ಒಂದು ಅಂಕಿ ಇವತ್ತಿಗೂ ಡಬ್ಬಿ ಡಬ್ಬಿ ಗುಳಿಗೆ ಮಾರುತ್ತಿದೆ. ಅಲ್ಲಿ ಮರೆಯುವುದು ಏನಂದ್ರ, ಹೆಚ್ಚೂಕಮ್ಮಿ ಸೊನ್ನೆಗೆ ಶೇ. 2000 ಸೇರಿಸಿದರೂ ಬರುವುದು ಸ್ವಲ್ಪವೇ. ಅದೂ ಮೊದಲ ಒಂದು ತಾಸಿನ ಮಾತು. ಇನ್ನು ನಮ್ಮ ಅರಿಷಿಣದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ಲೆಕ್ಕ ಹಾಕ್ರಿ, 2 ಗ್ರಾಂ ಆಗಬೇಕಾದರೆ ಅರವತ್ತು ಎಪ್ಪತ್ತು ಗ್ರಾಂ ಪುಡಿ ತಿನ್ನಬೇಕು.

ಆಮೇಲೆ ಬಂದದ್ದು ಪ್ರಬಂಧಗಳ ಮಹಾಪೂರ. 2016ರಲ್ಲಿ ಒಂದೇ ಪತ್ರಿಕೆ, ಒಬ್ಬನೇ ಹೆಸರಾಂತ ಕರ್ಕ್ಯುಮಿನ್ ಸಂಶೋಧಕರ 7 ಪ್ರಬಂಧಗಳನ್ನು ಒಟ್ಟಿಗೆ ಹಿಂದಕ್ಕೆ ಪಡೆಯಿತು. 2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಹಿನ್ನೆಲೆಯಲ್ಲಿ ಬರೆದರು: ಪ್ಲಸೀಬೊ ಜೊತೆ ಸರಿಯಾಗಿ ಹೋಲಿಸಿದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಒಮ್ಮೆಯೂ ಗೆದ್ದಿಲ್ಲ. ಅವರು ಹೇಳಿದ ಇನ್ನೊಂದು ಕಾರಣ ನನಗೆ ಬಹಳ ಹಿಡಿಸಿತು. ಕರ್ಕ್ಯುಮಿನ್ ತಾನೇ ಹೊಳೆಯುವ ವಸ್ತು. ಎಷ್ಟೋ ಲ್ಯಾಬ್ ಪರೀಕ್ಷೆಗಳು ಹೊಳಪು ಅಳೆದೇ "ಔಷಧಿ ಕೆಲಸ ಮಾಡಿತು" ಅನ್ನುತ್ತವೆ. ಅಲ್ಲಿಗೆ ಮುಗೀತಲ್ಲ!

ಹಾಗಂತ ಅರಿಷಿಣದ ಜೀವವಿಜ್ಞಾನ ಸಪ್ಪೆ ಅಲ್ಲ. ಗಿಡದೊಳಗೆ ಕರ್ಕ್ಯುಮಿನ್ ಹೆಣೆಯುವ ಎರಡು ಕಿಣ್ವಗಳನ್ನು ಜಪಾನಿನವರು 2009ರಲ್ಲಿ ತೋರಿಸಿದರು. 2021ರಲ್ಲಿ ಭೋಪಾಲದ ಐಸರ್ ತಂಡ ಅರಿಷಿಣದ ಜೀನೋಮ್ ಓದಿತು. ಈ ಗಿಡದಲ್ಲಿ ವರ್ಣತಂತುಗಳು 63, ಅಂದರೆ 21ರ ಮೂರು ಜೊತೆ. ಬೆಸ ಲೆಕ್ಕ, ಅದಕ್ಕೇ ಬೀಜ ಕಟ್ಟುವುದು ಬಹಳ ಅಪರೂಪ. ಗಡ್ಡಿಯೇ ಬಿತ್ತನೆ. ಮೊದಲನೇ ಫೋಟೊದ ಹೊಲದಲ್ಲಿ ಇರುವುದು ಸಾಲು ಸಾಲು ಒಂದೇ ಗಿಡದ ನಕಲು ಅಂದ್ರೂ ನಡೀತದ. ಇಂಥದ್ದರಲ್ಲಿ ಯಾವ ತಳಿ ಈ ಮಣ್ಣಿಗೆ ಒಗ್ಗುತ್ತದೆ, ಯಾವುದರಲ್ಲಿ ಕರ್ಕ್ಯುಮಿನ್ ಎಷ್ಟು ಅನ್ನುವ ಹೋಲಿಕೆ ನಮ್ಮ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲೇ ನಡೆದಿದೆ.

ಕೊನೇ ಫೋಟೊ ಗುಳಿಗೆ ಡಬ್ಬಿ. ಅಮೆರಿಕದ ಒಂದು ಲಿವರ್ ಅಧ್ಯಯನ ಜಾಲ 2022ರಲ್ಲಿ, ಅರಿಷಿಣದ ಗುಳಿಗೆ ತಿಂದು ಲಿವರ್ ಕೆಟ್ಟ 10 ಪ್ರಕರಣಗಳನ್ನು ವರದಿ ಮಾಡಿತು. ಒಬ್ಬರು ತೀರಿಕೊಂಡರು. ಹತ್ತರಲ್ಲಿ 7 ಜನರಿಗೆ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪ ಇತ್ತು. ಕೆಲವು ಗುಳಿಗೆಗಳಲ್ಲಿ ಪೈಪರಿನ್ ಕೂಡ ಇತ್ತು. ಕಾವಲು ಕಿಣ್ವಗಳನ್ನು ತಡೆಯುವ ವಸ್ತು ಬೇರೆ ಔಷಧಿಗಳ ಲೆಕ್ಕವನ್ನೂ ತಪ್ಪಿಸಬಲ್ಲದು. ಇದು ಸಾರಿಗೆ ಹಾಕುವ ಚಿಟಿಕೆ ಅರಿಷಿಣದ ಮಾತಲ್ಲ. ಆದರೆ ಮನ್ಯಾಗ ಯಾರಾದರೂ ಇಂಥ ಗುಳಿಗೆ ತರಿಸಿಕೊಂಡು ತಿಂತಿದ್ದರೆ ಡಾಕ್ಟರ್ ಮುಂದೆ ಆ ಡಬ್ಬಿ ಇಡಾಕ ಹೇಳ್ರಿ. ಕ್ಯಾನ್ಸರ್ ಚಿಕಿತ್ಸೆ ನಡೆದವರಿದ್ದರೆ ಇವತ್ತೇ ಹೇಳ್ರಿ.

ಮುಂದಿನ ಭಾಗ: ಗೋಕಾಕ ಕರದಂಟು.

#ಘಟಪ್ರಭೆದಂಡಿಯಚರಿತ್ರೆ #ಅರಿಷಿಣ #ಗೋಕಾಕ #ಮೂಡಲಗಿ #ಹುಕ್ಕೇರಿ