ಮೂರು ವರ್ಷದ ಬುದ್ಧಿ ನಿಜಕ್ಕೂ ನೂರು ವರ್ಷದ ತನಕ ಇರುತ್ತಾ?

ದಾವಣಗೆರೆಯ ಸರಸ್ವತಿ ನಗರದಲ್ಲಿ ವಾಕಿಂಗ್ ಮಾಡ್ತಾ ಕೇಳ್ತಿದ್ದೀರೋ, ಹರಿಹರದ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರೋ ಗೊತ್ತಿಲ್ಲ. ಆದರೆ ಎರಡು ಗಾದೆ ಮಾತ್ರ ನಿಮ್ಮ ಮನೆಯಲ್ಲಿ ಕೇಳೇ ಇರ್ತೀರಿ. ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಅನ್ನೋದು ಒಂದು. ‘ಅರವತ್ತಕ್ಕೆ ಅರಳು ಮರಳು’ ಅನ್ನೋದು ಇನ್ನೊಂದು. ಮನುಷ್ಯ ಮೂರಕ್ಕೇ ಗಟ್ಟಿಯಾಗ್ತಾನೆ, ಅರವತ್ತಕ್ಕೆ ಸಡಿಲ ಆಗ್ತಾನೆ. ಹಾಗಾದ್ರೆ ನಡುವಿನ ಐವತ್ತೇಳು ವರ್ಷ ಏನು ನಡೆಯುತ್ತೆ? ಮನೋವಿಜ್ಞಾನವೂ ಬಹಳ ಕಾಲ ಈ ಪ್ರಶ್ನೆಯನ್ನ ಸರಿಯಾಗಿ ಕೇಳಿರಲಿಲ್ಲ.

1905ಕ್ಕೆ ಹೋಗೋಣ. ವಿಯೆನ್ನಾದಲ್ಲಿ ಫ್ರಾಯ್ಡ್ ಆ ವರ್ಷ ಬಾಲ್ಯದ ಬಗ್ಗೆ ಗದ್ದಲ ಎಬ್ಬಿಸಿದ ತನ್ನ ಪ್ರಬಂಧಗಳನ್ನ ಪ್ರಕಟಿಸಿದ. ವ್ಯಕ್ತಿತ್ವದ ಅಡಿಪಾಯ ಮೊದಲ ಐದಾರು ವರ್ಷದಲ್ಲೇ ಬೀಳುತ್ತೆ ಅನ್ನೋದು ಅವನ ನಿಲುವು. ನಮ್ಮ ಗಾದೆಗೂ ಅದಕ್ಕೂ ದೊಡ್ಡ ಜಗಳ ಇಲ್ಲ, ನೋಡಿ. ಅದೇ ವರ್ಷ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೋನ್ ಮಕ್ಕಳ ಬುದ್ಧಿ ಅಳೆಯೋ ಪರೀಕ್ಷೆ ತಯಾರಿಸಿದ್ರು. ಆ ಪರೀಕ್ಷೆ ಅಮೆರಿಕಕ್ಕೆ ಹೋಗಿ, ಅಲ್ಲಿಂದ ನಮ್ಮ ಧಾರವಾಡಕ್ಕೂ ಬಂತು. ವಿ. ವಿ. ಕಾಮತ್ 1930ರ ದಶಕದಲ್ಲಿ ಅದನ್ನ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಒಗ್ಗಿಸಿದ್ರು. ಬಿನೆ-ಕಾಮತ್ ಪರೀಕ್ಷೆ ಅಂದ್ರೆ ಮಕ್ಕಳ ಮನೋವೈದ್ಯರಿಗೆ ಇವತ್ತಿಗೂ ಗೊತ್ತು.

ಅದೇ ಸಿಮೋನ್ 1920ರ ಆಸುಪಾಸಿನಲ್ಲಿ ಜ್ಯಾನ್ ಪಿಯಾಜೆ ಅನ್ನೋ ಸ್ವಿಸ್ ಹುಡುಗನಿಗೆ ಪ್ಯಾರಿಸ್‌ನಲ್ಲಿ ಪರೀಕ್ಷೆಗಳ ಕೆಲಸ ಕೊಟ್ಟ. ಪಿಯಾಜೆಗೆ ಸರಿ ಉತ್ತರಗಳು ಬೋರ್ ಹೊಡೆದವು. ತಪ್ಪು ಉತ್ತರಗಳಲ್ಲಿ ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡ್ತಿದ್ರು. ಅಂದ್ರೆ ಮಗು ಕಡಿಮೆ ಬುದ್ಧಿಯ ದೊಡ್ಡವನಲ್ಲ, ಅದು ಯೋಚಿಸೋ ರೀತಿಯೇ ಬೇರೆ. ಅಲ್ಲಿಂದ ಅವನ ನಾಲ್ಕು ಹಂತಗಳು ಹುಟ್ಟಿದವು. ಆದರೆ ಆ ಏಣಿಯೂ ಹದಿಹರೆಯಕ್ಕೆ ನಿಂತುಬಿಡುತ್ತೆ.

ಒಂದು ಸಣ್ಣ ಅಡ್ಡಮಾತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದ್ದು. ಕಿವಿಯಲ್ಲಿ ಕನ್ನಡ ಕೇಳೋ ನಾವೆಲ್ಲ ಒಬ್ಬ ಮನೋವಿಜ್ಞಾನಿಗೆ ಸ್ವಲ್ಪ ಋಣಿಗಳೇ.

ಈಗ ಅಸಲಿ ವಿಷಯಕ್ಕೆ ಬರೋಣ. ಏಣಿಯನ್ನ ಸಾಯೋ ತನಕ ಎಳೆದವನು ಎರಿಕ್ ಎರಿಕ್ಸನ್. 1950ರ ಪುಸ್ತಕದಲ್ಲಿ ಅವನು ಎಂಟು ಹಂತ ಹೇಳಿದ, ಹಂತಕ್ಕೊಂದು ಬಿಕ್ಕಟ್ಟು. ಹದಿಹರೆಯದಲ್ಲಿ ‘ನಾನು ಯಾರು’ ಅನ್ನೋ ಪ್ರಶ್ನೆ. ತನ್ನ ಹೆತ್ತ ತಂದೆ ಯಾರೆಂದೇ ತಿಳಿಯದ ಎರಿಕ್ಸನ್‌ಗೆ ಅದು ಬರೀ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ನಡುವಯಸ್ಸಿನಲ್ಲಿ ಪ್ರಶ್ನೆ ಬದಲಾಗುತ್ತೆ: ಮುಂದಿನವರಿಗೆ ನಾನು ಏನಾದ್ರೂ ಬೆಳೆಸ್ತಿದ್ದೀನಾ, ಇಲ್ಲ ನಿಂತ ನೀರಾಗಿದ್ದೀನಾ?

1962ರಲ್ಲಿ ಅವನು ಮನುಷ್ಯನ ಜೀವನಚಕ್ರದ ಬಗ್ಗೆ ವಿಚಾರಗೋಷ್ಠಿ ನಡೆಸೋಕೆ ಅಹಮದಾಬಾದಿಗೆ ಬಂದ. ಅಲ್ಲಿ ಅವನನ್ನ ಹಿಡಿದಿಟ್ಟಿದ್ದು 1918ರ ಗಿರಣಿ ಕಾರ್ಮಿಕರ ಮುಷ್ಕರ. ಅದನ್ನ ಮುನ್ನಡೆಸಿದ ಗಾಂಧಿಗೆ ಆಗ 48 ವರ್ಷ, ಅಂದ್ರೆ ಸರಿಯಾಗಿ ಆ ಏಳನೇ ಹಂತ. ಅದರ ಮೇಲೆ ಅವನು 1969ರಲ್ಲಿ ಬರೆದ ಪುಸ್ತಕಕ್ಕೆ ಪುಲಿಟ್ಜರ್ ಬಂತು. ಅವನ ಜೊತೆ ಕೆಲಸ ಮಾಡಿದ ಸುಧೀರ್ ಕಕ್ಕರ್, ಎರಿಕ್ಸನ್ ಹಂತಗಳನ್ನ ನಮ್ಮ ನಾಲ್ಕು ಆಶ್ರಮಗಳ ಪಕ್ಕ ಇಟ್ಟು ನೋಡಿದ್ರು. ಹೋಲಿಕೆ ಚೆಂದ ಇದೆ. ಆದ್ರೆ ಆಶ್ರಮದ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಲ್ಲಿ, ಗಿರಣಿ ಕಾರ್ಮಿಕ ಎಲ್ಲಿ?

ಗಿರಣಿ ಅಂದ ಕೂಡ್ಲೇ ನಮ್ಮೂರು ನೆನಪಾಗ್ಬೇಕು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತು. ಹತ್ತಿ ಗಿರಣಿಗಳು ಕಳೆದ ಶತಮಾನದ ಕೊನೆಗೆ ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ 1941ರಿಂದ ಲೇತ್ ಮಷಿನ್ ಮಾಡ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ನಿಂತುಹೋಯ್ತು. ನಲವತ್ತೈದರ ಒಬ್ಬ ಟರ್ನರ್‌ನ ಕೆಲಸ ಹೋದ್ರೆ ಸಂಬಳ ಅಷ್ಟೇ ಅಲ್ಲ, ಹುಡುಗರಿಗೆ ಕೈಗೆಲಸ ಕಲಿಸೋ ಜಾಗವೂ ಹೋಗುತ್ತೆ. ಎರಿಕ್ಸನ್ ಏಣಿಯಲ್ಲಿ ಆ ಮೆಟ್ಟಿಲು ಇದೆ. ಆದರೆ ಮೆಟ್ಟಿಲನ್ನೇ ಯಾರೋ ಕಿತ್ತುಕೊಂಡ್ರೆ ಏನು ಅನ್ನೋದಕ್ಕೆ ಅವನಲ್ಲಿ ಪೂರ್ತಿ ಉತ್ತರ ಇಲ್ಲ ಅಂತ ನನಗನ್ಸುತ್ತೆ.

ಆ ಉತ್ತರಕ್ಕೆ ಹತ್ತಿರ ಹೋದವನು ಗ್ಲೆನ್ ಎಲ್ಡರ್, ಸಮಾಜಶಾಸ್ತ್ರಜ್ಞ. 1930ರ ದಶಕದ ಮಹಾ ಆರ್ಥಿಕ ಕುಸಿತ ಕಂಡ ಕ್ಯಾಲಿಫೋರ್ನಿಯಾದ ಮಕ್ಕಳ ಬಗ್ಗೆ 1974ರಲ್ಲಿ ಪುಸ್ತಕ ಬರೆದ. ಓಕ್ಲೆಂಡ್‌ನ ಮಕ್ಕಳು 1920-21ರಲ್ಲಿ ಹುಟ್ಟಿದವರು, ಕುಸಿತ ಬಂದಾಗ ಹತ್ತು ದಾಟುತ್ತಿದ್ದವರು. ಮನೆಗೆ ನೆರವಾಗೋಕೆ ಸಣ್ಣಪುಟ್ಟ ಕೆಲಸ ಮಾಡಿ, ಎಷ್ಟೋ ಜನ ಗಟ್ಟಿಯಾಗಿ ಬೆಳೆದ್ರು. ಆಮೇಲೆ ಅವನು ಬರ್ಕ್‌ಲಿಯ 1928-29ರ ಮಕ್ಕಳನ್ನೂ ಹೋಲಿಸಿ ನೋಡಿದ. ಅದೇ ಬಡತನ, ಆದ್ರೆ ಬಂದಾಗ ಇವರು ತೀರಾ ಚಿಕ್ಕವರು. ಅಲ್ಲಿ ಗಂಡುಮಕ್ಕಳಿಗೆ ಪೆಟ್ಟು ಜೋರಾಗಿತ್ತು. ಆದರೂ ಅವರಲ್ಲಿ ಹಲವರು ಮುಂದೆ ಸೈನ್ಯ, ಓದು, ಮದುವೆಯ ದಾರಿಯಲ್ಲಿ ಸುಧಾರಿಸಿಕೊಂಡ್ರು. ಅಂದ್ರೆ ಮೂರು ವರ್ಷದ ಗಾದೆ ಅರ್ಧ ನಿಜ, ಅಷ್ಟೇ.

ಇನ್ನು ಅರಳು ಮರಳಿನ ಗಾದೆ. ಜರ್ಮನಿಯ ಪಾಲ್ ಬಾಲ್ಟೆಸ್ ಪ್ರಕಾರ ಪ್ರತಿ ವಯಸ್ಸಲ್ಲೂ ಗಳಿಕೆ, ನಷ್ಟ ಎರಡೂ ಜೊತೆಗೇ ಇರುತ್ತವೆ. ಎರಿಕ್ಸನ್ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ್ದ ಅವನ ಹೆಂಡತಿ ಜೋನ್, 1997ರಲ್ಲಿ ಎಂಟು ಹಂತಕ್ಕೆ ಒಂಬತ್ತನೆಯದನ್ನ ಸೇರಿಸಿದ್ರು. ಎಂಬತ್ತು, ತೊಂಬತ್ತರ ಬದುಕಿಗೆ ಹಳೇ ಪಟ್ಟಿ ಸಾಕಾಗಲ್ಲ ಅಂತ ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಾಗಿತ್ತು.

ನಿಮ್ಮ ಮನೆಯಲ್ಲಿ ಗಿರಣಿಯಲ್ಲೋ ಕಿರ್ಲೋಸ್ಕರ್‌ನಲ್ಲೋ ಇದ್ದವರು ಯಾರಾದ್ರೂ ಇದ್ರೆ ಈ ವಾರ ಒಂದು ಲೆಕ್ಕ ಕೇಳಿ: ಬಾಗಿಲು ಮುಚ್ಚಿದಾಗ ಅವರಿಗೆ ಎಷ್ಟು ವಯಸ್ಸು, ಅವರ ಮಕ್ಕಳಿಗೆ ಎಷ್ಟು?