ಶಲ್ಯ ಯಾರ ಕಡೆಯವನು?

ಕುರುಕ್ಷೇತ್ರದ ಹದಿನೇಳನೆಯ ದಿನ ಕರ್ಣನ ರಥದಲ್ಲಿ ಹಗ್ಗ ಹಿಡಿದು ಕೂತವನು ಮದ್ರದೇಶದ ಶಲ್ಯ, ನಕುಲ ಸಹದೇವರ ಸೋದರಮಾವ. ಪಾಂಡವರಿಗೆ ನೆರವಾಗಲೆಂದೇ ಸೇನೆ ಕಟ್ಟಿಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ಸಿಕ್ಕ ಉಪಚಾರ ಧರ್ಮರಾಯನದೆಂದು ತಿಳಿದು ಹಿಗ್ಗಿ, ಇದನ್ನೆಲ್ಲ ಮಾಡಿಸಿದವನು ಕೇಳಿದ್ದನ್ನು ಕೊಡುತ್ತೇನೆಂದ. ಎದುರಿಗೆ ಬಂದು ನಿಂತವನು ದುರ್ಯೋಧನ! ಆಡಿದ ಮಾತಿಗೆ ಕಟ್ಟುಬಿದ್ದು ಕೌರವರ ಪಾಳೆಯ ಸೇರಿದ. ಸೇರುವ ಮೊದಲು ಧರ್ಮರಾಯನಿಗೂ ಒಂದು ಮಾತು ಕೊಟ್ಟ. ಕರ್ಣನ ಸಾರಥಿಯಾಗುವ ದಿನ ಬಂದರೆ ಮಾತಿನಿಂದಲೇ ಅವನ ಎದೆಗುಂದಿಸುತ್ತೇನೆಂದ. ಉಂಡದ್ದು ಒಬ್ಬರ ಉಪ್ಪು, ಹಾರೈಸಿದ್ದು ಇನ್ನೊಬ್ಬರ ಗೆಲುವು. ಅಷ್ಟಾದರೂ ಕರ್ಣ ಸರ್ಪಾಸ್ತ್ರ ಹೂಡಿದಾಗ, ಗುರಿ ಸರಿಯಿಲ್ಲ, ಇನ್ನೊಮ್ಮೆ ನೋಡಿ ಹೂಡು ಎಂದು ಎಚ್ಚರಿಸಿದವನೂ ಇದೇ ಶಲ್ಯ. ಎರಡನೆಯ ಸಲ ಗುರಿ ಇಡುವವನು ತಾನಲ್ಲವೆಂದ ಕರ್ಣ. ಬಾಣ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿತು. ಶಲ್ಯನ ಮಾತು ನಡೆದಿದ್ದರೆ ಅರ್ಜುನ ಉಳಿಯುತ್ತಿರಲಿಲ್ಲ. ಹಾಗಾದರೆ ಈತ ಯಾರ ಕಡೆಯವನು? ಈ ಪ್ರಶ್ನೆಗೆ ರಾಯಚೂರು ಸೀಮೆಯಲ್ಲಿ ವಿಶೇಷ ತೂಕವಿದೆ. ಹಿರಣ್ಯಕಶಿಪುವಿನ ಮಗ, ಪ್ರಹ್ಲಾದನ ತಮ್ಮ ಸಹ್ಲಾದನೇ ದ್ವಾಪರದಲ್ಲಿ ಶಲ್ಯನಾಗಿ ಹುಟ್ಟಿದನೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಅದೇ ಸಹ್ಲಾದ ಕಲಿಯುಗದಲ್ಲಿ ಮಾನ್ವಿಯ ಜಗನ್ನಾಥದಾಸರಾಗಿ ಬಂದನೆಂದು ದಾಸಪರಂಪರೆ ನಂಬುತ್ತದೆ.

ಕಲ್ಪಿತ ಕಥಾಮಾಲಿಕೆಗಳನ್ನು ಓದುವವರಿಗೆ ಇಂಥ ಪ್ರಶ್ನೆಯೇ ಒಂದು ಆಟ. ಮುಂದಿನ ಸಂಪುಟ ಬರುವವರೆಗೆ ಯಾರು ಒಳಗೊಳಗೇ ಖಳರು, ಯಾರು ಖಳನ ವೇಷದ ಸಜ್ಜನರು ಎಂದು ಊಹಿಸುವುದು. ಹ್ಯಾರಿ ಪಾಟರ್ ಕಥೆಯ ಸೆವೆರಸ್ ಸ್ನೇಪ್ ಎಂಬ ಮೇಷ್ಟ್ರ ಬಗ್ಗೆ 1997ರಿಂದ 2007ರವರೆಗೆ, ಮೊದಲ ಪುಸ್ತಕದಿಂದ ಏಳನೆಯದರವರೆಗೆ, ಜಗತ್ತಿನ ತುಂಬ ಈ ವಾದ ನಡೆಯಿತು. ಹತ್ತು ವರ್ಷ ಎರಡು ಪಾಳೆಯಗಳಲ್ಲಿ ಕಾಲಿಟ್ಟುಕೊಂಡಿದ್ದ ಆತ ಶಲ್ಯನ ಕುಲದವನೇ. ಆಟ ಹೊಸದೆಂದು ನಮಗೆ ತೋರಬಹುದು. ಆದರೆ ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ದೋಆಬದಲ್ಲಿ 18ನೇ ಶತಮಾನದ ಹರಿದಾಸರು ಇದನ್ನು ಬೇರೊಂದು ಕಟ್ಟಳೆಯಲ್ಲಿ ಆಡಿದ್ದರು. ಅವರ ಕೇಳುಗರಿಗೆ ಕಥೆಯ ಕೊನೆ ಮೊದಲೇ ಗೊತ್ತು. ಗೊತ್ತಿಲ್ಲದ್ದು, ಆ ವೇಷದ ಒಳಗೆ ಕೂತ ಜೀವ ಯಾವುದೆಂಬುದು. ಆ ಸಂಪ್ರದಾಯ ಉಳಿಸಿಹೋದ ದೊಡ್ಡ ತಿಳಿವಳಿಕೆ ಖಳರ ಪಟ್ಟಿಯಲ್ಲಿಲ್ಲ ಎಂಬುದೇ ಇಲ್ಲಿನ ವಾದ. ಅದು ಇರುವುದು ಊಹಿಸುವವನನ್ನೇ ಪರೀಕ್ಷೆಗೆ ನಿಲ್ಲಿಸಿದ್ದರಲ್ಲಿ.

ಮೊದಲು ಊರುಗಳ ಮಾತು. ತುಂಗಭದ್ರೆಯ ದಡದ ಚೀಕಲಪರ್ವಿ ಮಾನ್ವಿ ಸೀಮೆಯದು. ವಿಜಯದಾಸರು (1682–1755) ಹುಟ್ಟಿದ್ದು ಅಲ್ಲಿ. ಬಡತನದಲ್ಲಿ ಬೆಳೆದು, ಕಾಶಿಯವರೆಗೆ ಅಲೆದು, ಪುರಂದರದಾಸರನ್ನು ಕನಸಿನಲ್ಲಿ ಕಂಡು ದಾಸರಾದರೆಂದು ಅವರ ಚರಿತ್ರೆ ಹೇಳುತ್ತದೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಪೂರ್ವಾಶ್ರಮದ ಹೆಸರು ಭಾಗಣ್ಣ. 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಗೋಪಾಲದಾಸರ ಕೃಪೆಯಿಂದ ದಾಸರಾದವರು ಮಾನ್ವಿಯ ಜಗನ್ನಾಥದಾಸರು (1728–1809). ಒಂದೆರಡು ದಿನದ ನಡಿಗೆಯ ಅಂತರದಲ್ಲಿ ಇಂಥ ಮೂವರು. ನಿಜಾಮರು, ಪೇಶ್ವೆಗಳು, ಸುರಪುರದ ನಾಯಕರು ಎಲ್ಲರ ಕಣ್ಣೂ ಈ ನೆಲದ ಮೇಲಿದ್ದ ಕಾಲ ಅದು. ಇವತ್ತಿನ ಒಡೆಯ ನಾಳೆಯ ವೈರಿಯಾಗಬಹುದಾಗಿದ್ದ ಸೀಮೆಯಲ್ಲಿ, ಮನುಷ್ಯನ ಹೊರವೇಷಕ್ಕೂ ಒಳಗಿನ ಸ್ವಭಾವಕ್ಕೂ ಇರುವ ಅಂತರ ಹಾಡಿನ ವಸ್ತುವಾದದ್ದು ಬರೀ ಶಾಸ್ತ್ರದ ಒತ್ತಡದಿಂದ ಎಂದು ಹೇಳಿ ಮುಗಿಸುವಂತಿಲ್ಲ.

ಆದರೂ ಶಾಸ್ತ್ರವಂತೂ ಇತ್ತು. ಯಾವ ದೇವತೆ, ಯಾವ ಅಸುರ ಯಾರಾಗಿ ಹುಟ್ಟಿದರೆಂಬ ಉದ್ದನೆಯ ಪಟ್ಟಿ ವ್ಯಾಸಭಾರತದಲ್ಲೇ ಇದೆ: ದುರ್ಯೋಧನ ಕಲಿಯ ಅಂಶ, ಶಕುನಿ ದ್ವಾಪರ, ಜರಾಸಂಧ ವಿಪ್ರಚಿತ್ತಿ. 13ನೇ ಶತಮಾನದ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಅವರ ಪ್ರಕಾರ ಒಂದೇ ದೇಹದಲ್ಲಿ ಎರಡು ಜೀವಗಳಿರಬಹುದು. ಶಿಶುಪಾಲನೊಳಗೆ ಹಿರಣ್ಯಕಶಿಪುವೂ ಇದ್ದಾನೆ, ವೈಕುಂಠದ ದ್ವಾರಪಾಲಕ ಜಯನೂ ಇದ್ದಾನೆ. ಕರ್ಣ ಸೂರ್ಯನೇ, ಆದರೆ ಒಳಗೆ ಸಹಸ್ರವರ್ಮನೆಂಬ ಅಸುರನ ಆವೇಶ. ಎಲ್ಲಕ್ಕಿಂತ ಬೆರಗಿನದು ಪೂತನಿಯ ಕಥೆ. ಮೊಲೆಗೆ ವಿಷ ಸವರಿಕೊಂಡು ಬಂದ ಆ ಹೆಂಗಸಿನೊಳಗೆ ರಾಮನ ಕಾಲದ ತಾಟಕಿಯ ಜತೆಗೆ ಶಾಪಗ್ರಸ್ತ ಊರ್ವಶಿಯೂ ಸೇರಿಕೊಂಡಿದ್ದಳು. ಕೂಸು ಮೊಲೆ ಹೀರಿತು. ತಾಟಕಿ ನರಕಕ್ಕೆ ಹೋದಳು, ಮೊಲೆಯುಣಿಸಿದ ಪುಣ್ಯಕ್ಕೆ ಊರ್ವಶಿ ಸ್ವರ್ಗಕ್ಕೆ ಹೋದಳು. ಕೊಲ್ಲಲು ಬಂದದ್ದೂ ಹಾಲೂಡಿದ್ದೂ ಒಂದೇ ಕ್ರಿಯೆ. ಲೆಕ್ಕ ಮಾತ್ರ ಎರಡು ಖಾತೆಗೆ ಬಿತ್ತು. ಜಗನ್ನಾಥದಾಸರ ಹರಿಕಥಾಮೃತಸಾರ ಈ ವಿಚಾರಧಾರೆಯ ಕನ್ನಡದ ಸಾರ. ಭಾಮಿನಿ ಷಟ್ಪದಿಯಲ್ಲಿ ಹಲವು ಸಂಧಿಗಳಾಗಿ ಹರಿಯುವ ಈ ಕೃತಿಯಲ್ಲಿ ದೇವತೆಗಳ ಮೇಲುಕೀಳಿನ ಕ್ರಮ ಹೇಳುವಂತೆಯೇ, ದೈತ್ಯರನ್ನು ಕ್ರಮವಾಗಿ ನಿಲ್ಲಿಸುವ ದೈತ್ಯತಾರತಮ್ಯ ಸಂಧಿಯೂ ಇದೆ. ಎಲ್ಲರಿಗಿಂತ ಕೆಳಗೆ ಕಲಿ.

ಇದೇ ಸೀಮೆಯ ಇನ್ನೊಂದು ಕಲೆಯ ಪಕ್ಕಕ್ಕೆ ಇಟ್ಟರೆ ದಾಸರು ಮಾಡಿದ್ದೇನೆಂಬುದು ಸ್ಪಷ್ಟವಾಗುತ್ತದೆ. ದೊಡ್ಡಾಟದಲ್ಲಿ ಗುಟ್ಟಿಗೆ ಜಾಗವಿಲ್ಲ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ತಡೆದು ನೀವು ಯಾರೆಂದು ಕೇಳುತ್ತಾನೆ; ಪಾತ್ರ ತನ್ನ ಹೆಸರು, ಬಿರುದು, ಬಂದ ಕಾರಣ ಎಲ್ಲವನ್ನೂ ತಾನೇ ಒದರುತ್ತದೆ. ರಕ್ಕಸ ಬಂದರೆ ಬಣ್ಣ, ಕಿರೀಟ, ಕುಣಿತದ ಅಬ್ಬರವೇ ಕೂಗಿ ಹೇಳುತ್ತದೆ. ಹಿಂದಿನ ಸಾಲಿನ ಮಗುವಿಗೂ ಅನುಮಾನ ಉಳಿಯುವುದಿಲ್ಲ. ರಾತ್ರಿಯಿಡೀ ಊರಿಗೆ ಊರೇ ಕೂತು ನೋಡುವ ಆಟಕ್ಕೆ ಈ ನೇರತನ ಬೇಕೇ ಬೇಕು. ತಂಬೂರಿ, ತಾಳ ಹಿಡಿದು ಮನೆಯಂಗಳದಲ್ಲಿ ನಿಂತು ಹಾಡುವ ದಾಸನಿಗೆ ಬಣ್ಣವೂ ಇಲ್ಲ, ವೇಷವೂ ಇಲ್ಲ. ಅವನು ಕಾಣುವ ಮುಖದ ಮಾತು ಬಿಟ್ಟು ಕಾಣದ ಜೀವದ ಮಾತಾಡಿದ. ದೊಡ್ಡಾಟದ ಸಾರಥಿ ಕೇಳುವ ಪ್ರಶ್ನೆಯನ್ನೇ ದಾಸನೂ ಕೇಳಿದ; ಆದರೆ ಪಾತ್ರ ಕೊಟ್ಟ ಉತ್ತರವನ್ನು ಅವನು ಹಾಗೇ ನಂಬಲಿಲ್ಲ.

ಆ ಅಪನಂಬಿಕೆ ಎಲ್ಲಿಗೆ ತಿರುಗುತ್ತದೆಂಬುದಕ್ಕೆ ಜಗನ್ನಾಥದಾಸರ ಬಗ್ಗೆ ಪರಂಪರೆ ಹೇಳುವ ಕಥೆಯೇ ಸಾಕ್ಷಿ. ದಾಸರಾಗುವ ಮೊದಲು ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ಘನ ಪಂಡಿತರು. ಕನ್ನಡದಲ್ಲಿ ಪದ ಹಾಡುತ್ತ ತಿರುಗುವ ವಿಜಯದಾಸರನ್ನು ಕಂಡರೆ ಅವರಿಗೆ ತಾತ್ಸಾರ. ಊಟಕ್ಕೆ ಕರೆ ಬಂದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಕೆಲದಿನಕ್ಕೆ ನೆಪವೇ ನಿಜವಾಗಿ ಹೊಟ್ಟೆಶೂಲೆ ಹಿಡಿಯಿತು. ಎಲ್ಲೂ ವಾಸಿಯಾಗದೆ ಕೊನೆಗೆ ವಿಜಯದಾಸರ ಬಳಿಗೇ ಬಂದರೆ, ಅವರು ಗೋಪಾಲದಾಸರತ್ತ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಹಾಡಿ, ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ತೆಗೆದುಕೊಟ್ಟರು. ಆಮೇಲೆ ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ಸಿಕ್ಕಿತು. ಇದನ್ನು ಚರಿತ್ರೆಯೆಂದು ಅಕ್ಷರಶಃ ಒಪ್ಪಬೇಕಿಲ್ಲ. ಒಂದು ಸಮುದಾಯ ತನ್ನ ಅತಿದೊಡ್ಡ ಕವಿಯ ಬಗ್ಗೆ ಇಂಥ ಕಥೆಯನ್ನು ಆರಿಸಿ ಉಳಿಸಿಕೊಂಡಿತೆಂಬುದು ಮಾತ್ರ ಚರಿತ್ರೆ. ಇದರಲ್ಲಿ ತಪ್ಪು ಊಹೆ ಮಾಡಿದವನು ಊರಿನ ಅತಿ ಬುದ್ಧಿವಂತ. ಆತ ಒಬ್ಬ ಸಂತನನ್ನು ಕೀಳೆಂದು ಬಗೆದ. ಕಥೆಯ ಮೊದಲರ್ಧದಲ್ಲಿ ಖಳನ ಜಾಗದಲ್ಲಿ ನಿಂತದ್ದು ತಾನೇ. ಅವನಿಗೆ ಪೂರ್ವಜನ್ಮವಾಗಿ ದೈತ್ಯರ ಮನೆಯ ಸಹ್ಲಾದನನ್ನೂ, ತಪ್ಪು ಪಾಳೆಯದಲ್ಲಿ ಸಿಕ್ಕಿಕೊಂಡ ಶಲ್ಯನನ್ನೂ ಕೊಟ್ಟದ್ದು ಎಷ್ಟು ಸರಿಯಾಗಿ ಹೊಂದುತ್ತದೆ!

ಇದು ಭಕ್ತರ ಲೋಕಕ್ಕಷ್ಟೇ ಸಲ್ಲುವ ಮಾತೆನ್ನುವವರು ರಾಯಚೂರು ಕೋಟೆಯ ಕಡೆಗೆ ತಿರುಗಬೇಕು. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗಾಗಿ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ. ಸೆರೆಸಿಕ್ಕವರಲ್ಲಿ ಬಿಜಾಪುರದ ಸೇನಾನಿ ಸಲಾಬತ್ ಖಾನನಿದ್ದ. ಜೀವ ಉಳಿಸಿಕೊಂಡು ಮರಳಿದವರಲ್ಲಿ ಅಸದ್ ಖಾನ್ ಲಾರಿಯಿದ್ದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ, ಮುಂದೆ ರಾಯಭಾರಿಯಾಗಿ ಬಂದ ಅಸದ್ ಖಾನ್, ಸಂಧಿ ಕೂಡಿಬರದಿರುವುದಕ್ಕೆ ಸೆರೆಯಲ್ಲಿರುವ ಸಲಾಬತ್ ಖಾನನೇ ಕಾರಣವೆಂದು ರಾಯನ ಕಿವಿಯೂದಿ ಅವನ ತಲೆ ತೆಗೆಸಿದ. ತನ್ನ ತಪ್ಪು ಹೊರಬೀಳದಿರಲೆಂದು ಹೂಡಿದ ಹೂಟವದು ಎಂಬುದು ನೂನಿಜ್‌ನ ತೀರ್ಪು. ಬಿಜಾಪುರದ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಷ್ತಾ 17ನೇ ಶತಮಾನದ ಆರಂಭದಲ್ಲಿ ಬರೆದಾಗ ಅದೇ ಅಸದ್ ಖಾನ್ ವಿವೇಕಕ್ಕೆ, ಔದಾರ್ಯಕ್ಕೆ ಹೆಸರಾದ ಹಿರಿಯ. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್ ಎರಡು ಚಿತ್ರಗಳನ್ನೂ ಎದುರುಬದುರು ಇಡಬೇಕಾಯಿತು. ಒಬ್ಬನಿಗೆ ಹೊಂಚುಕೋರ, ಇನ್ನೊಬ್ಬನಿಗೆ ಮಹನೀಯ. ನೂನಿಜ್ ಗೆದ್ದವರ ಪಾಳೆಯದಲ್ಲಿ ಕಿವಿಗೆ ಬಿದ್ದದ್ದನ್ನು ಬರೆದ. ಫೆರಿಷ್ತಾ ಸೋತವರ ಆಸ್ಥಾನದ ನೆನಪನ್ನು ಬರೆದ. ಇಬ್ಬರ ತೀರ್ಪಿನಲ್ಲೂ ಅಸದ್ ಖಾನನ ಎದೆಗಿಂತ ಬರೆದವನು ಕೂತ ಜಾಗವೇ ಹೆಚ್ಚು ಕಾಣುತ್ತದೆ.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಇದು. ಮಾಧ್ವ ಮತದಲ್ಲಿ ಜೀವಗಳು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಸ್ವಭಾವ ಅನಾದಿ, ಬದಲಾಗದು. ಹಾಗಿದ್ದ ಮೇಲೆ ಇಲ್ಲಿ ಅನುಮಾನಕ್ಕೆಲ್ಲಿ ಜಾಗ, ಇದು ಮೊದಲೇ ಬರೆದಿಟ್ಟ ತೀರ್ಪಲ್ಲವೇ? ಅಷ್ಟೇ ಅಲ್ಲ, ಈ ತರ್ಕ ಎದುರಾಳಿಯ ಮುಖಕ್ಕೆ ಮಸಿ ಬಳಿಯುವ ಸಾಧನವೂ ಆಗಿತ್ತು. ನಾರಾಯಣ ಪಂಡಿತಾಚಾರ್ಯರ ಮಣಿಮಂಜರಿ ಅದ್ವೈತದ ಆಚಾರ್ಯರನ್ನೇ ಮಣಿಮಂತನೆಂಬ ದೈತ್ಯನ ಅವತಾರವೆಂದಿತು. ಇದನ್ನು ಮುಚ್ಚಿಟ್ಟರೆ ಪ್ರಾಮಾಣಿಕತೆಯಾಗದು. ಒಳಗಿನ ಖಳನನ್ನು ಹುಡುಕುವ ಹವ್ಯಾಸ ಕಥೆಯ ಗಡಿ ದಾಟಿ ಬದುಕಿರುವ ಅಥವಾ ಬಾಳಿಹೋದ ಮನುಷ್ಯರತ್ತ ತಿರುಗಿದೊಡನೆ ಹಗೆಯಾಗುತ್ತದೆ. ಆದರೆ ಅದೇ ಸಿದ್ಧಾಂತ ಇನ್ನೊಂದು ಮಾತನ್ನೂ ಹೇಳುತ್ತದೆ: ಜೀವದ ಸ್ವರೂಪ ನಮ್ಮ ಕಣ್ಣಿಗೆ ಬೀಳುವಂಥದ್ದಲ್ಲ, ಅದನ್ನು ಪೂರ್ತಿ ಬಲ್ಲವನು ಹರಿ. ತೀರ್ಪು ಎಷ್ಟೇ ಖಚಿತವಾಗಿರಲಿ, ಅದನ್ನು ಓದುವ ಅಧಿಕಾರ ಪಕ್ಕದ ಮನೆಯವನಿಗಿಲ್ಲ. ಮಣಿಮಂಜರಿಯ ತಪ್ಪನ್ನು ಎತ್ತಿ ತೋರಿಸಲು ಹೊರಗಿನ ಅಳತೆಗೋಲು ಬೇಕಿಲ್ಲ. ಮತದೊಳಗಿನ ಈ ಎಚ್ಚರವೇ ಸಾಕು.

ಇನ್ನೊಂದು ಆಕ್ಷೇಪ ಕನ್ನಡ ಕಾವ್ಯದ ಕಡೆಯಿಂದ ಬರುತ್ತದೆ. 941ರಲ್ಲಿ ಪಂಪ ಕರ್ಣನನ್ನು ಎತ್ತಿಹಿಡಿದ. ರನ್ನ ಸೋಲುವ ದುರ್ಯೋಧನನಿಗೆ ಘನತೆ ಕೊಟ್ಟ. ನಾಗಚಂದ್ರನ ರಾವಣ ತಪ್ಪರಿತು ಮರುಗುವ ವೀರ. ಕುವೆಂಪು ಮಂಥರೆಯ ಕುತಂತ್ರದ ಹಿಂದೆ ಭರತನ ಮೇಲಿನ ಮಮತೆಯನ್ನು ಕಂಡರು. ಆವೇಶ, ಅಂಶಗಳ ಗೊಡವೆಯಿಲ್ಲದೆ ಇವರು ಖಳನನ್ನು ಮನುಷ್ಯನನ್ನಾಗಿಸಿದರು. ದಾಸರ ವಿಧಾನಕ್ಕೆ ಇಷ್ಟು ಔದಾರ್ಯವೆಲ್ಲಿದೆ? ಕವಿಗಳ ಔದಾರ್ಯ ದೊಡ್ಡದು, ನಿಜ. ಆದರೆ ಎರಡು ದಾರಿಗಳೂ ಅಷ್ಟು ದೂರವಿಲ್ಲ. ಕವಿ ಒಂದೇ ಮನಸ್ಸಿನಲ್ಲಿ ಎರಡು ಎಳೆ ಕಂಡ. ದಾಸ ಒಂದೇ ಮೈಯಲ್ಲಿ ಎರಡು ಜೀವ ಕಂಡ. ಕನಕದಾಸರ ನಳಚರಿತ್ರೆಯಲ್ಲಿ ನಳನೊಳಗೆ ಕಲಿ ಹೊಕ್ಕು ಜೂಜಾಡಿಸುತ್ತಾನೆ, ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋಗುವಂತೆ ಮಾಡುತ್ತಾನೆ. ನಳನ ಕೈಯಿಂದ ನಡೆದ ಕೇಡನ್ನು ಕೇಡೆಂದೇ ಕರೆಯುತ್ತ, ನಳನನ್ನೇ ಕೇಡಿಗನೆಂದು ಕರೆಯದಿರಲು ಆ ಕಥೆ ಜಾಗ ಮಾಡಿಕೊಡುತ್ತದೆ. ಮಾಡಿದ ಕೆಲಸಕ್ಕೂ ಮಾಡಿದವನಿಗೂ ನಡುವೆ ಒಂದು ಬೆರಳಿನಷ್ಟು ತೆರಪು ಬಿಡುವುದು: ಪೂತನಿಯ ಕಥೆಯ ಎರಡು ಖಾತೆಗಳ ಮರ್ಮವೂ ಅದೇ.

ಶಲ್ಯನಿಗೆ ಆ ತೆರಪು ರಣರಂಗದಲ್ಲಿ ಸಿಗಲಿಲ್ಲ. ಹದಿನೆಂಟನೆಯ ದಿನ ಕೌರವರ ಸೇನಾಪತಿಯಾಗಿ ಹೋರಾಡಿ ಧರ್ಮರಾಯನ ಕೈಯಲ್ಲೇ ಸತ್ತ. ಯಾರಿಗೆ ಗುಟ್ಟಾಗಿ ನೆರವಿನ ಮಾತು ಕೊಟ್ಟಿದ್ದನೋ ಅವನ ಕೈಯಲ್ಲಿ. ಎರಡೂ ಕಡೆಯವರು ಅವನಿಂದ ಲಾಭ ಪಡೆದರು, ಎರಡೂ ಕಡೆ ಅವನು ಪೂರ್ತಿ ನಮ್ಮವನಾಗಲಿಲ್ಲ. ಅವನ ಕಥೆಯನ್ನು ಅಲ್ಲಿಗೇ ಬಿಡದೆ ಮುಂದಿನ ಜನ್ಮಕ್ಕೆ ಒಯ್ದದ್ದು ಮಾನ್ವಿ. ಆ ಜನ್ಮದಲ್ಲಿ ಬರೆದದ್ದೆಂದು ಪರಂಪರೆ ನಂಬುವ ಕೃತಿಯ ಜೋಡಣೆಯನ್ನೇ ನೋಡಿ. ಮಂಗಳಾಚರಣೆ ಮುಗಿದೊಡನೆ ಬರುವುದು ಕರುಣಾಸಂಧಿ. ದೈತ್ಯತಾರತಮ್ಯ ಬರುವುದು ಕಾವ್ಯ ಕೊನೆ ಮುಟ್ಟುವ ಹೊತ್ತಿಗೆ. ದೈತ್ಯರ ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯುವ ಆತುರವಿರುವ ಓದುಗ ಕರುಣೆಯ ಬಾಗಿಲು ದಾಟಿಯೇ ಅಲ್ಲಿಗೆ ನಡೆದು ಹೋಗಬೇಕು.